ನೀತ್ಶೆ: ಮೂಲಪಾಠ ಯಾವುದು, ಪ್ರಕ್ಷಿಪ್ತ ಯಾವುದು

ಮುಂಬಯಿಯ ಕನ್ನಡ ವಾಟ್ಸಾಪ್ ಗುಂಪುಗಳಿಗೆ ಜರ್ಮನಿಯ ತತ್ವಜ್ಞಾನಿ ಫ್ರೀಡ್ರಿಖ್ ನೀತ್ಶೆ ಆಗಾಗ ಎರಡು ವೇಷದಲ್ಲಿ ಬರುತ್ತಾನೆ. ಒಂದರಲ್ಲಿ ಅವನು ಹಿಟ್ಲರನ ಗುರು. ಇನ್ನೊಂದರಲ್ಲಿ, ಮನುಸ್ಮೃತಿ ಬೈಬಲ್ಲಿಗಿಂತ ದೊಡ್ಡದು ಎಂದು ಒಪ್ಪಿಕೊಂಡ ಪಾಶ್ಚಾತ್ಯ ಪಂಡಿತ. ಮೊದಲನೆಯದನ್ನು ಕಳಿಸುವವರಿಗೆ ಅವನನ್ನು ಬೈಯಬೇಕಾಗಿರುತ್ತದೆ, ಎರಡನೆಯದನ್ನು ಕಳಿಸುವವರಿಗೆ ಅವನಿಂದ ಒಂದು ಸರ್ಟಿಫಿಕೇಟ್ ಬೇಕಾಗಿರುತ್ತದೆ. ಯಾವ ಪುಸ್ತಕ, ಎಷ್ಟನೆಯ ಕಂಡಿಕೆ, ಹಿಂದಿನ ವಾಕ್ಯ ಏನು, ಮುಂದಿನ ವಾಕ್ಯ ಏನು ಎಂಬುದು ಎರಡರಲ್ಲೂ ಇರುವುದಿಲ್ಲ.

ಕನ್ನಡದವರಿಗೆ ಈ ಪ್ರಶ್ನೆಗಳು ಹೊಸವಲ್ಲ. ವಚನ ಓದುವವರು ಮೊದಲು ಅಂಕಿತ ನೋಡುತ್ತಾರೆ. ಪಾಠಾಂತರ (ಪ್ರತಿಯಿಂದ ಪ್ರತಿಗೆ ಬದಲಾದ ಪಾಠ), ಪ್ರಕ್ಷಿಪ್ತ (ಬೇರೆಯವರು ಆಮೇಲೆ ಸೇರಿಸಿದ್ದು) ಎಂಬ ಮಾತುಗಳು ನಮ್ಮ ಗ್ರಂಥಸಂಪಾದನೆಯಲ್ಲಿ ದಿನಬಳಕೆಯವು. ಬಿಡಿ ವಚನಗಳನ್ನು ಸಂವಾದದ ಎಳೆಯಲ್ಲಿ ಪೋಣಿಸಿದ ಶೂನ್ಯಸಂಪಾದನೆಯನ್ನು ಓದುವಾಗ, ವಚನ ಹನ್ನೆರಡನೆಯ ಶತಮಾನದ್ದು, ಪೋಣಿಸಿದ ಕೈ ನಂತರದ್ದು ಎಂದು ಬೇರ್ಪಡಿಸಿ ನೋಡುವುದು ನಮಗೆ ಗೊತ್ತು. ಬಸವಣ್ಣನವರ ವಚನಗಳ ಅಂಕಿತವನ್ನೇ ಬದಲಿಸಿ ಅಚ್ಚುಹಾಕಿದ ಪುಸ್ತಕವೊಂದರ ನಿಷೇಧದ ವಿವಾದ 2017ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ತೀರ್ಮಾನವಾದದ್ದು ಅನೇಕರಿಗೆ ನೆನಪಿರಬಹುದು. ಒಂದು ಪದ ಬದಲಾದರೆ ಏನಾಗುತ್ತದೆ ಎಂದು ಇಷ್ಟು ಚೆನ್ನಾಗಿ ಬಲ್ಲ ನಾವು ನೀತ್ಶೆಯ ವಿಷಯಕ್ಕೆ ಬಂದಾಗ ಮಾತ್ರ ಆ ಎಚ್ಚರವನ್ನು ಬದಿಗಿಡುತ್ತೇವೆ. ಅವನ ಪಠ್ಯಕ್ಕೆ ಆಗಿರುವ ಅನ್ಯಾಯ ಮಾತ್ರ ಸಾಮಾನ್ಯದ್ದಲ್ಲ.

ಮೊದಲು ‘ದಿ ವಿಲ್ ಟು ಪವರ್’. ಫೌಂಟನ್ ಬಳಿಯ ಫುಟ್‌ಪಾತ್ ಪುಸ್ತಕದ ರಾಶಿಯಲ್ಲಿ ನೀತ್ಶೆಯ ಹೆಸರು ಹೊತ್ತು ಸಿಗುವ ದಪ್ಪ ಪುಸ್ತಕ ಬಹುತೇಕ ಇದೇ. ಇದು ನೀತ್ಶೆ ಬರೆದು ಮುಗಿಸಿದ ಪುಸ್ತಕವಲ್ಲ. ಈ ಹೆಸರಿನ ಪುಸ್ತಕವೊಂದನ್ನು ಬರೆಯುವ ಯೋಚನೆ ಅವನಿಗಿತ್ತು, ಹತ್ತಾರು ಸಲ ಯೋಜನೆ ಬರೆದು ಹೊಡೆದುಹಾಕಿದ. ಕೊನೆಯ ಯೋಜನೆಯ ತಾರೀಖು 1888ರ ಆಗಸ್ಟ್ 26. ಅದಾದ ಕೆಲವೇ ದಿನಗಳಲ್ಲಿ ಯೋಚನೆಯನ್ನೇ ಕೈಬಿಟ್ಟು, ಕೂಡಿಟ್ಟ ಸಾಮಗ್ರಿಯ ಒಂದು ಭಾಗವನ್ನು ‘ಟ್ವೈಲೈಟ್ ಆಫ್ ದಿ ಐಡಲ್ಸ್’ ಮತ್ತು ‘ದಿ ಆಂಟಿಕ್ರೈಸ್ಟ್’ ಪುಸ್ತಕಗಳಿಗೆ ಬಳಸಿಕೊಂಡ. 1889ರ ಜನವರಿಯ ಮೊದಲ ವಾರ ಟ್ಯೂರಿನ್ ನಗರದಲ್ಲಿ ಬುದ್ಧಿಭ್ರಮಣೆಯಾಯಿತು. ಮುಂದೆ ಹನ್ನೊಂದು ವರ್ಷ ಬದುಕಿದ್ದರೂ ಬರೆಯುವ ಸ್ಥಿತಿಯಲ್ಲಿರಲಿಲ್ಲ.

ನೋಟ್‌ಬುಕ್ಕುಗಳು ತಂಗಿ ಎಲಿಜಬೆತ್ ಕೈಸೇರಿದವು. ಆಕೆಯ ಗಂಡ ಬೆರ್ನ್‌ಹಾರ್ಡ್ ಫೋರ್ಸ್ಟರ್ ಯಹೂದಿ ದ್ವೇಷದ ಪ್ರಚಾರಕ. ಯಹೂದಿಗಳ ಹಕ್ಕು ಮೊಟಕುಗೊಳಿಸಬೇಕೆಂದು ಜರ್ಮನಿಯ ಚಾನ್ಸಲರ್ ಬಿಸ್ಮಾರ್ಕನಿಗೆ ಕೊಟ್ಟ ಮನವಿಗೆ ಎರಡೂವರೆ ಲಕ್ಷಕ್ಕೂ ಮಿಕ್ಕಿ ಸಹಿ ಕೂಡಿಸಿದವರಲ್ಲಿ ಅವನೊಬ್ಬ. ದಕ್ಷಿಣ ಅಮೆರಿಕದ ಪರಾಗ್ವೆಯಲ್ಲಿ ‘ಶುದ್ಧ ಜರ್ಮನ್’ ವಸಾಹತು ಕಟ್ಟಲು ಹೆಂಡತಿಯನ್ನು ಕರೆದುಕೊಂಡು ಹೋದ, ಸಾಲದಲ್ಲಿ ಮುಳುಗಿ 1889ರಲ್ಲಿ ಆತ್ಮಹತ್ಯೆ ಮಾಡಿಕೊಂಡ. ಮರಳಿ ಬಂದ ಎಲಿಜಬೆತ್ 1894ರಲ್ಲಿ ನೀತ್ಶೆ ಆರ್ಕೈವ್ ಶುರುಮಾಡಿ, ಆಮೇಲೆ ಅದನ್ನು ವೈಮಾರ್ ನಗರಕ್ಕೆ ಒಯ್ದಳು. ಅಣ್ಣ ಸತ್ತ ಮರುವರ್ಷ, 1901ರಲ್ಲಿ, 483 ತುಣುಕುಗಳ ‘ದಿ ವಿಲ್ ಟು ಪವರ್’ ಹೊರಬಂತು. 1906ರ ಆವೃತ್ತಿಯಲ್ಲಿ ತುಣುಕುಗಳು 1067 ಆದವು. ಬರೆದವನು ತೀರಿಕೊಂಡ ಮೇಲೆ ಪುಸ್ತಕ ಎರಡು ಪಟ್ಟಿಗೂ ಹೆಚ್ಚು ಬೆಳೆಯಿತು.

ಹೇಗೆ ಬೆಳೆಸಿದರು ಎಂಬುದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಎಷ್ಟೋ ಯೋಜನೆಗಳ ನಡುವೆ 1887ರ ಮಾರ್ಚ್ 17ರ ಒಂದನ್ನು ಆರಿಸಿ, ಅದರ ನಾಲ್ಕು ಭಾಗಗಳಿಗೆ ಟಿಪ್ಪಣಿಗಳನ್ನು ಹಂಚಿದರು. ನೀತ್ಶೆಯೇ 1888ರ ಆರಂಭದಲ್ಲಿ 374 ಟಿಪ್ಪಣಿಗಳಿಗೆ ಸಂಖ್ಯೆ ಕೊಟ್ಟು ಪಟ್ಟಿ ಮಾಡಿಟ್ಟಿದ್ದ. ಸಂಪಾದಕರು ಅವುಗಳಲ್ಲಿ 104ನ್ನು ಕೈಬಿಟ್ಟರು. ಉಳಿದ 270ರಲ್ಲಿ 137 ಅರ್ಧಂಬರ್ಧವಾಗಿ ಇಲ್ಲವೆ ತಿದ್ದುಪಡಿಯಾಗಿ ಅಚ್ಚಾದವು. ಎಲ್ಲೋ ತಲೆಬರಹ ಹಾರಿದೆ, ಎಲ್ಲೋ ವಾಕ್ಯಗಳೇ ಹಾರಿವೆ, ಒಟ್ಟಿಗೆ ಬರೆದದ್ದು ಎರಡು ಕಡೆ ಹರಿದುಹೋಗಿದೆ. ನೀತ್ಶೆ ಟಾಲ್‌ಸ್ಟಾಯ್ ಓದುವಾಗ ಗುರುತು ಮಾಡಿಕೊಂಡ ಸಾಲುಗಳೂ ನೀತ್ಶೆಯ ಸ್ವಂತ ಮಾತಾಗಿ ಇದರೊಳಗೆ ಸೇರಿಕೊಂಡವು. ಇದನ್ನೆಲ್ಲ ಬಿಡಿಸಿ ತೋರಿಸಿದವರು ಇಟಲಿಯ ಜಾರ್ಜೊ ಕೊಲ್ಲಿ ಮತ್ತು ಮಾಜಿನೊ ಮೊಂತಿನಾರಿ. 1961ರಿಂದ ವೈಮಾರಿನ ಹಸ್ತಪ್ರತಿಗಳನ್ನು ಇಟ್ಟುಕೊಂಡು ಕೂತು, ಟಿಪ್ಪಣಿಗಳನ್ನು ಬರೆದ ಕಾಲಾನುಕ್ರಮದಲ್ಲಿ ಜೋಡಿಸಿದರು. ಅವರ ವಿಮರ್ಶಾತ್ಮಕ ಆವೃತ್ತಿ 1967ರಿಂದ ಬರತೊಡಗಿತು. ಆ ಆವೃತ್ತಿಯಲ್ಲಿ ‘ದಿ ವಿಲ್ ಟು ಪವರ್’ ಎಂಬ ಪುಸ್ತಕವೇ ಇಲ್ಲ.

ಟಿಪ್ಪಣಿಗಳನ್ನು ಓದಬಾರದು ಎಂದಲ್ಲ, ಅವು ಬಹಳ ಬೆಲೆಯುಳ್ಳವು. ಆದರೆ ಬರಹಗಾರನ ಟಿಪ್ಪಣಿ ಎಂದರೆ ಏನು? ಒಂದು ವಿಚಾರವನ್ನು ಬಾಯಲ್ಲಿಟ್ಟು ರುಚಿ ನೋಡುವುದು. ಇವತ್ತು ಬರೆದದ್ದನ್ನು ನಾಳೆ ಉಗುಳಬಹುದು. ಅಚ್ಚಿಗೆ ಕೊಟ್ಟ ಮಾತಿಗೂ ಅದಕ್ಕೂ ಒಂದೇ ತೂಕ ಕೊಡುವುದು ತಪ್ಪು. ಹೀಗಾಗಿ ನೀತ್ಶೆಯದೆಂದು ಯಾವುದೇ ಮಾತು ಎದುರಾದಾಗ ಕೇಳಬೇಕಾದ ಮೊದಲ ಪ್ರಶ್ನೆ: ಇದು ಅವನೇ ಅಚ್ಚಿಗೆ ಒಪ್ಪಿಸಿದ್ದೋ, ಪೆಟ್ಟಿಗೆಯಿಂದ ತೆಗೆದದ್ದೋ?

ಪತ್ರಗಳ ಕಥೆ ಇನ್ನೂ ಕೆಟ್ಟದು. ಎಲಿಜಬೆತ್ ತನಗೆ ಅಣ್ಣ ಬರೆದನೆಂದು ಪ್ರಕಟಿಸಿದ ಎಷ್ಟೋ ಪತ್ರಗಳು ನಿಜವಾಗಿ ತಾಯಿಗೋ ಬೇರೆಯವರಿಗೋ ಬರೆದವು. ಯಾರಿಗೆ ಬರೆದದ್ದು ಎಂಬ ಜಾಗದಲ್ಲಿ ಶಾಯಿ ಚೆಲ್ಲಿದೆ, ಇಲ್ಲವೆ ಕಾಗದದ ಆ ಮೂಲೆ ಸುಟ್ಟಿದೆ. 1950ರ ದಶಕದಲ್ಲಿ ನೀತ್ಶೆಯ ಕೃತಿಗಳ ಸಂಪಾದಕ ಕಾರ್ಲ್ ಶ್ಲೆಷ್ಟ ಇದನ್ನು ಬಯಲಿಗೆ ತಂದ. ಅಣ್ಣನಿಗೆ ನಾನೇ ಅತ್ಯಂತ ಆಪ್ತಳಾಗಿದ್ದೆ ಎಂದು ಸ್ಥಾಪಿಸಿಕೊಂಡರೆ ಅವನ ಮಾತಿಗೆ ಅರ್ಥ ಹೇಳುವ ಹಕ್ಕೂ ತನ್ನದೇ ಆಗುತ್ತದೆ, ಆಕೆಗೆ ಬೇಕಾಗಿದ್ದದ್ದು ಅದು.

ಕೈಯಲ್ಲಿರುವ ಪ್ರತಿ ಹಳೆಯ ಪಾಠದ್ದೋ ಹೊಸ ಪಾಠದ್ದೋ ಎಂದು ತಿಳಿಯಲು ಒಂದು ಸುಲಭದ ಪರೀಕ್ಷೆ ಇದೆ. ನೀತ್ಶೆಯ ಆತ್ಮಕಥನ ‘ಎಕ್ಕೆ ಹೋಮೊ’ ತೆಗೆಯಿರಿ. ‘ನಾನೇಕೆ ಇಷ್ಟು ವಿವೇಕಿ’ ಎಂಬ ಅಧ್ಯಾಯದ ಮೂರನೆಯ ಕಂಡಿಕೆ ನೋಡಿ. ಅಲ್ಲಿ ನೀತ್ಶೆ ತಾಯಿ-ತಂಗಿಯರನ್ನು ಕಟುವಾಗಿ ಜರೆದು, ಬದುಕು ಮರಳಿ ಮರಳಿ ಬರುತ್ತದೆ ಎಂಬ ತನ್ನ ವಿಚಾರಕ್ಕೆ ಅವರಿಬ್ಬರೇ ದೊಡ್ಡ ಆಕ್ಷೇಪಣೆ ಎಂದಿದ್ದರೆ ಅದು ಹೊಸ ಪಾಠ. ಆ ಮಾತಿನ ಸುಳಿವೇ ಇಲ್ಲದಿದ್ದರೆ ಹಳೆಯದು. ನೀತ್ಶೆ ಕೊನೆಯ ದಿನಗಳಲ್ಲಿ ಈ ಕಂಡಿಕೆಯನ್ನು ಬದಲಿಸಿ ಮುದ್ರಕರಿಗೆ ಕಳಿಸಿದ್ದ. ಮೂಲ ಪ್ರತಿ ಉಳಿಯಲಿಲ್ಲ. ಗೆಳೆಯ ಪೀಟರ್ ಗಾಸ್ಟ್ ಬರೆದಿಟ್ಟುಕೊಂಡಿದ್ದ ನಕಲನ್ನು 1969ರಲ್ಲಿ ಮೊಂತಿನಾರಿ ಹುಡುಕಿ ತೆಗೆದ. ಅದಕ್ಕಿಂತ ಮೊದಲಿನ ಅನುವಾದಗಳಿಗೆ ಈ ಪುಟ ಸಿಕ್ಕಿರಲು ಸಾಧ್ಯವಿಲ್ಲ. ಇಂಟರ್‌ನೆಟ್ಟಿನಲ್ಲಿ ಪುಕ್ಕಟೆ ಸಿಗುವುದು ಹೆಚ್ಚಾಗಿ ಹಕ್ಕುಸ್ವಾಮ್ಯ ಮುಗಿದ ಹಳೆಯ ಅನುವಾದಗಳೇ ಆದ್ದರಿಂದ ಈ ಪರೀಕ್ಷೆ ನಿಜವಾಗಿ ಉಪಯೋಗಕ್ಕೆ ಬರುತ್ತದೆ.

ನಾಜಿಗಳು ಬಂದಾಗ ಅಡುಗೆಗೆ ಬೇಕಾದದ್ದೆಲ್ಲ ಹೆಚ್ಚಿಟ್ಟಿತ್ತು. ಜರ್ಮನ್ ತತ್ವಜ್ಞಾನಿ ಆಲ್ಫ್ರೆಡ್ ಬಾಯ್ಮ್ಲರ್ 1931ರಲ್ಲಿ ನೀತ್ಶೆಯನ್ನು ರಾಜಕಾರಣದ ದಾರ್ಶನಿಕನೆಂದು ಚಿತ್ರಿಸಿ ಪುಸ್ತಕ ಬರೆದ. ಅಚ್ಚಾದ ಕೃತಿಗಳು ಮುಂಬಾಗಿಲು ಮಾತ್ರ, ನಿಜವಾದ ನೀತ್ಶೆ ಇರುವುದು ಉಳಿದ ಟಿಪ್ಪಣಿಗಳಲ್ಲಿ ಎಂಬುದು ಅವನ ವಾದದ ತಿರುಳು. ಇದನ್ನೊಮ್ಮೆ ಒಪ್ಪಿಬಿಟ್ಟರೆ, ಯಹೂದಿ ದ್ವೇಷಿಗಳನ್ನು ನೀತ್ಶೆ ತನ್ನ ಪುಸ್ತಕಗಳಲ್ಲಿ ಎಷ್ಟು ಉಗಿದಿದ್ದರೂ ಅದು ಹೊರಗಿನ ಬಣ್ಣ ಎಂದು ತಳ್ಳಿಹಾಕಬಹುದು. ಹಿಟ್ಲರ್ ವೈಮಾರಿನ ಆರ್ಕೈವಿಗೆ ಬಂದು ನೀತ್ಶೆಯ ಪ್ರತಿಮೆಯ ಪಕ್ಕ ಫೋಟೊ ತೆಗೆಸಿಕೊಂಡ, 1935ರಲ್ಲಿ ಎಲಿಜಬೆತ್ ತೀರಿಕೊಂಡಾಗ ಅಂತ್ಯಕ್ರಿಯೆಗೂ ಬಂದ. ನೀತ್ಶೆಯನ್ನು ಪೂರ್ತಿ ಓದಿದ್ದ ನಾಜಿಗಳಿಗೆ ಇರಿಸುಮುರಿಸಾಗಿದ್ದೂ ಉಂಟು: ಈತ ಸಮಾಜವಾದಕ್ಕೂ ವಿರೋಧಿ, ರಾಷ್ಟ್ರೀಯತೆಗೂ ವಿರೋಧಿ, ಜನಾಂಗವಾದಕ್ಕೂ ವಿರೋಧಿ ಎಂದು ನಾಜಿ ಶಿಕ್ಷಣತಜ್ಞ ಅರ್ನ್ಸ್ಟ್ ಕ್ರೀಕ್ ಎತ್ತಿ ತೋರಿಸಿದ್ದ.

‘ಹೊಂಬಣ್ಣದ ಮೃಗ’ ಎಂಬ ಮಾತು ನೋಡಿ. ಬಿಳಿಯ ಆರ್ಯ ಯೋಧನ ವರ್ಣನೆ ಎಂದು ಇದು ಜಗತ್ತಿನಲ್ಲೆಲ್ಲ ಪ್ರಸಿದ್ಧ. ಮಾತಿರುವುದು 1887ರ ‘ಆನ್ ದಿ ಜೀನಿಯಾಲಜಿ ಆಫ್ ಮೊರಾಲಿಟಿ’ಯ ಮೊದಲ ಪ್ರಬಂಧ, 11ನೆಯ ಕಂಡಿಕೆಯಲ್ಲಿ. ಬೇಟೆಗೆ ಹೊರಟ ಸಿಂಹದ ಚಿತ್ರ ಅದು. ಯಾರ್ಯಾರೊಳಗೆ ಈ ಮೃಗ ಅಡಗಿದೆ ಎಂದು ನೀತ್ಶೆ ಹೆಸರಿಸುತ್ತಾನೆ: ರೋಮನ್, ಅರಬ್, ಜರ್ಮಾನಿಕ್, ಜಪಾನಿ ಕುಲೀನರು, ಹೋಮರನ ವೀರರು, ಸ್ಕ್ಯಾಂಡಿನೇವಿಯದ ವೈಕಿಂಗರು. ಅರಬರೂ ಜಪಾನಿಯರೂ ಇರುವ ಪಟ್ಟಿ ಬಿಳಿಯ ಜನಾಂಗದ ಪಟ್ಟಿ ಆಗುವುದು ಹೇಗೆ? ಅದೇ ಕಂಡಿಕೆಯಲ್ಲಿ, ಪ್ರಾಚೀನ ಜರ್ಮಾನಿಕ್ ಜನರಿಗೂ ಇಂದಿನ ಜರ್ಮನರಿಗೂ ವಿಚಾರದ ಸಂಬಂಧವೇ ಇಲ್ಲವೆನ್ನುವಷ್ಟು ಕಡಿಮೆ, ರಕ್ತಸಂಬಂಧವಂತೂ ದೂರವೇ ಉಳಿಯಿತು ಎಂಬ ಅರ್ಥದ ಮಾತೂ ಇದೆ. ಇದನ್ನು ತಿರುಚಲು ಒಂದಕ್ಷರವನ್ನೂ ಬದಲಿಸಬೇಕಾಗಿಲ್ಲ, ಎರಡು ಪದ ಎತ್ತಿಕೊಂಡು ಉಳಿದದ್ದನ್ನು ಅಲ್ಲೇ ಬಿಟ್ಟರೆ ಸಾಕು.

‘ದೇವರು ಸತ್ತಿದ್ದಾನೆ’ ಎಂಬುದಕ್ಕೂ ಇದೇ ಗತಿ. ‘ದಿ ಗೇ ಸೈನ್ಸ್’ 125ನೆಯ ಕಂಡಿಕೆಯಲ್ಲಿ ಹಾಡುಹಗಲಲ್ಲಿ ಲಾಟೀನು ಹಿಡಿದು ಸಂತೆಗೆ ಬರುವ ಹುಚ್ಚನೊಬ್ಬ ಹೇಳುವ ಮಾತದು. ಅವನನ್ನು ನೋಡಿ ನಗುವವರು ಆಗಲೇ ದೇವರನ್ನು ನಂಬದವರು. ಗೆದ್ದವನ ಘೋಷಣೆಯಾಗಿ ಓದಿದರೆ ಆ ಹುಚ್ಚನ ಗಾಬರಿ ಕಾಣುವುದೇ ಇಲ್ಲ.

ಇಷ್ಟು ಹೇಳಿದ ಮೇಲೆ ಎದುರು ಪಕ್ಷದ ಅನುಕೂಲವನ್ನೂ ತೆಗೆಯಬೇಕು. ಎರಡನೆಯ ಮಹಾಯುದ್ಧದ ನಂತರ, ಎಲ್ಲ ತಪ್ಪೂ ತಂಗಿಯದು, ಅಣ್ಣ ಅಪ್ಪಟ ಬಂಗಾರ ಎಂದು ತೊಳೆಯುವ ಕೆಲಸ ನಡೆಯಿತು. ಇದೂ ದುರ್ಬಳಕೆಯೇ ಎಂದು ನನ್ನ ಗಟ್ಟಿ ಅಭಿಪ್ರಾಯ. ಯಹೂದಿ ದ್ವೇಷವನ್ನು ಅವನು ಹೇಸುತ್ತಿದ್ದ ಎಂಬುದಕ್ಕೆ ಸಾಕ್ಷ್ಯ ಬೇಕಾದಷ್ಟಿದೆ. ಥಿಯೊಡೋರ್ ಫ್ರಿಚ್ ಎಂಬಾತ ತನ್ನ ಯಹೂದಿ ವಿರೋಧಿ ಪತ್ರಿಕೆಯ ಸಂಚಿಕೆಗಳನ್ನು ಕಳಿಸಿದಾಗ, 1887ರ ಮಾರ್ಚಿನಲ್ಲಿ ಅವನ್ನು ವಾಪಸು ಮಾಡಿ, ನಿಮ್ಮಂಥವರ ಬಾಯಲ್ಲಿ ಜರತುಷ್ಟ್ರನ (ನೀತ್ಶೆಯ ‘ಜರತುಷ್ಟ್ರ’ ಕೃತಿಯ ನಾಯಕನ) ಹೆಸರು ಬಂದರೆ ನನಗೆ ಹೇಗಾಗಬೇಡ ಎಂದು ಬರೆದ. ತಂಗಿಯ ಮದುವೆಯ ಬಗ್ಗೆ ಅವಳಿಗೇ ಬರೆದ ಮಾತುಗಳೂ ಅಷ್ಟೇ ಕಠಿಣ. ಆದರೆ ಸಮಾನತೆಯನ್ನು ಅವನು ಒಪ್ಪಲಿಲ್ಲ. ‘ದಿ ಆಂಟಿಕ್ರೈಸ್ಟ್’ ಎರಡನೆಯ ಕಂಡಿಕೆಯಲ್ಲಿ ದುರ್ಬಲರೂ ಕೆಟ್ಟುಹೋದವರೂ ನಾಶವಾಗಲಿ, ಅದಕ್ಕೆ ನೆರವೂ ಸಿಗಲಿ ಎನ್ನುತ್ತಾನೆ. ಇದನ್ನು ತಂಗಿ ಸೇರಿಸಲಿಲ್ಲ. ಕತ್ತರಿ ಹಿಡಿದವರ ಕೈಗೆ ಬಟ್ಟೆ ಕೊಟ್ಟವನು ಅವನೇ.

ಈಗ ಎರಡನೆಯ ವೇಷಕ್ಕೆ, ಮನುಸ್ಮೃತಿಗೆ ಬರೋಣ. ಇಲ್ಲಿ ನೀತ್ಶೆ ದುರ್ಬಳಕೆಗೆ ಒಳಗಾದವನಷ್ಟೇ ಅಲ್ಲ, ಮಾಡಿದವನೂ ಹೌದು.

1888ರ ಮೇ ತಿಂಗಳು ಟ್ಯೂರಿನ್‌ನಲ್ಲಿ ಅವನ ಕೈಗೆ ಬಂದದ್ದು ಲೂಯಿ ಜಕೋಲಿಯೊ ಎಂಬ ಫ್ರೆಂಚನ ಪುಸ್ತಕ. ಮನು, ಮೋಸೆಸ್, ಮುಹಮ್ಮದ್ ಮೂವರನ್ನು ಶಾಸನಕಾರರಾಗಿ ಹೋಲಿಸುವ, 1876ರಲ್ಲಿ ಅಚ್ಚಾದ ಗ್ರಂಥ. ಜಕೋಲಿಯೊ ಫ್ರೆಂಚರ ಆಳ್ವಿಕೆಯ ಚಂದರ್‌ನಗರದಲ್ಲಿ ನ್ಯಾಯಾಧೀಶನಾಗಿದ್ದವನು. ಅವನಿಗೊಂದು ಸಿದ್ಧಾಂತವಿತ್ತು: ಭಾರತದಿಂದ ಹೊರಬಿದ್ದ ಚಂಡಾಲರೇ ಪಶ್ಚಿಮಕ್ಕೆ ಹೋಗಿ ಯಹೂದಿ, ಅರಬರಂಥ ಸೆಮಿಟಿಕ್ ಜನರಾದರು ಎಂಬುದು. ನೀತ್ಶೆ ಅದನ್ನು ನಂಬಿದ. ಮೇ 31ರಂದು ಗಾಸ್ಟ್‌ಗೆ ಬರೆದ ಪತ್ರದಲ್ಲಿ ಯಹೂದಿಗಳು ಒಂದು ಚಂಡಾಲ ಜನಾಂಗದಂತೆ ಕಾಣುತ್ತಾರೆ ಎಂದು ಉತ್ಸಾಹದಿಂದ ಹೇಳುತ್ತಾನೆ.

‘ಟ್ವೈಲೈಟ್ ಆಫ್ ದಿ ಐಡಲ್ಸ್’ನ ‘ಮಾನವಕುಲದ ಸುಧಾರಕರು’ ಭಾಗದ ಮೂರನೆಯ ಕಂಡಿಕೆಯನ್ನು ಒಂದು ಕೈಯಲ್ಲಿ, ಮನುಸ್ಮೃತಿಯ ಹತ್ತನೆಯ ಅಧ್ಯಾಯವನ್ನು ಇನ್ನೊಂದು ಕೈಯಲ್ಲಿ ಹಿಡಿದು ಓದಬೇಕು. ಹೆಣದ ಬಟ್ಟೆ ಉಡಬೇಕು, ಒಡೆದ ಪಾತ್ರೆಯಲ್ಲಿ ಉಣ್ಣಬೇಕು, ಕಬ್ಬಿಣದ ಒಡವೆ ತೊಡಬೇಕು, ಸದಾ ಅಲೆಯುತ್ತಿರಬೇಕು. ಇವು ಮನುವಿನಲ್ಲಿವೆ, ‘ವಾಸಾಂಸಿ ಮೃತಚೈಲಾನಿ’ ಎಂದು ಶುರುವಾಗುವ 10.52ನೆಯ ಶ್ಲೋಕದಲ್ಲಿ. ಚಂಡಾಲರಿಗೆ ಬೆಳ್ಳುಳ್ಳಿ ಈರುಳ್ಳಿ ಮಾತ್ರವೇ ಆಹಾರ, ನದಿ ಬಾವಿಗಳ ನೀರು ಕೂಡದು, ಜವುಗಿನ ಬಾಯಲ್ಲೋ ಪ್ರಾಣಿಗಳ ಹೆಜ್ಜೆ ಊರಿದ ಗುಂಡಿಯಲ್ಲೋ ನಿಂತ ನೀರೇ ಕುಡಿಯಬೇಕು, ಎಡದಿಂದ ಬಲಕ್ಕೆ ಬರೆಯಬಾರದು, ಬಲಗೈಯಲ್ಲಿ ಬರೆಯಬಾರದು, ಗಂಡುಮಕ್ಕಳಿಗೆ ಸುನ್ನತಿ. ಇವು ಮನುವಿನಲ್ಲಿಲ್ಲ. ಈರುಳ್ಳಿ ಬೆಳ್ಳುಳ್ಳಿಯ ಮಾತು ಐದನೆಯ ಅಧ್ಯಾಯದಲ್ಲಿ ಬರುತ್ತದೆ, ಅಲ್ಲಿರುವುದು ದ್ವಿಜರು ಅವನ್ನು ತಿನ್ನಬಾರದು ಎಂಬ ನಿಷೇಧ. ಎಡದಿಂದ ಬಲಕ್ಕೆ ಬರೆಯಬಾರದು, ಸುನ್ನತಿ ಆಗಬೇಕು ಎಂಬೆರಡೂ ಯಾಕೆ ಬಂದವು ಎಂದು ಊಹಿಸುವುದು ಕಷ್ಟವಲ್ಲ. ಹೀಬ್ರೂ, ಅರಬಿ ಬಲದಿಂದ ಎಡಕ್ಕೆ ಬರೆಯುವ ಲಿಪಿಗಳು. ಚಂಡಾಲರನ್ನು ಸೆಮಿಟಿಕ್ ಜನರ ಪೂರ್ವಜರನ್ನಾಗಿಸಲು ಬೇಕಾದ ಗುರುತುಗಳೇ ಜಕೋಲಿಯೊನ ಪಾಠದಲ್ಲಿ ಸೇರಿವೆ. ಪ್ರಕ್ಷಿಪ್ತವನ್ನು ಪತ್ತೆಹಚ್ಚುವಾಗ ನಾವು ಕೇಳುವ ಪ್ರಶ್ನೆಯೇ ಇಲ್ಲೂ ಕೆಲಸ ಮಾಡುತ್ತದೆ: ಈ ಸಾಲಿನಿಂದ ಯಾರಿಗೆ ಉಪಯೋಗ?

ಅಭಿಜಾತ ಗ್ರೀಕ್ ಗ್ರಂಥಗಳ ಪಾಠವಿಮರ್ಶೆಯನ್ನೇ ಕಲಿತು, ಇಪ್ಪತ್ತನಾಲ್ಕನೆಯ ವಯಸ್ಸಿಗೆ ಬಾಸೆಲ್ ವಿಶ್ವವಿದ್ಯಾಲಯದಲ್ಲಿ ಅದರ ಪ್ರಾಧ್ಯಾಪಕನಾದವನು ನೀತ್ಶೆ. ತನ್ನ ಕಸುಬಿನ ಎಚ್ಚರವನ್ನು ಈ ಒಂದು ಪುಸ್ತಕದ ಮುಂದೆ ಮರೆತ. ಕ್ರೈಸ್ತ ಧರ್ಮವನ್ನು ಹೊಡೆಯಲು ಅವನಿಗೊಂದು ಕೋಲು ಬೇಕಿತ್ತು, ಸಿಕ್ಕ ಕೋಲು ಯಾವ ಮರದ್ದು ಎಂದು ನೋಡಲಿಲ್ಲ.

ಆದರೂ ಆ ಪುಟಗಳನ್ನು ಅವನು ಎಲ್ಲಿಗೆ ಒಯ್ಯುತ್ತಾನೆ ಎಂಬುದನ್ನು ನೋಡಬೇಕು. ನಾಲ್ಕನೆಯ ಕಂಡಿಕೆಯಲ್ಲಿ, ‘ಶುದ್ಧ ರಕ್ತ’ ಎಂಬ ಕಲ್ಪನೆ ನಿರುಪದ್ರವಿಯಾದದ್ದಕ್ಕೆ ತೀರಾ ವಿರುದ್ಧವಾದದ್ದು ಎಂದು ಇದರಿಂದ ಕಲಿಯುತ್ತೇವೆ ಎನ್ನುತ್ತಾನೆ. ಐದನೆಯದರಲ್ಲಿ, ಮನುಷ್ಯನನ್ನು ನೀತಿವಂತನನ್ನಾಗಿಸಲು ಇದುವರೆಗೆ ಬಳಸಿದ ಸಾಧನಗಳೆಲ್ಲ ಮೂಲತಃ ಅನೀತಿಯವು ಎನ್ನುತ್ತಾನೆ. ನೋಟ್‌ಬುಕ್ಕಿನಲ್ಲಿ ಇನ್ನೂ ನೇರವಾಗಿ, ಇಡೀ ಮನು ಗ್ರಂಥ ‘ಪವಿತ್ರ ಸುಳ್ಳಿ’ನ ಮೇಲೆ ನಿಂತಿದೆ ಎಂದು ಬರೆದುಕೊಂಡಿದ್ದ. ಆಮೇಲೆ ಬರೆದ ‘ದಿ ಆಂಟಿಕ್ರೈಸ್ಟ್’ 56ರಲ್ಲಿ ಅದೇ ಗ್ರಂಥವನ್ನು ಬೈಬಲ್ಲಿನ ಜೊತೆ ಒಂದೇ ಉಸಿರಿನಲ್ಲಿ ಹೆಸರಿಸುವುದೂ ಪಾಪ ಎಂದು ಹೊಗಳುತ್ತಾನೆ. ಫಾರ್ವರ್ಡ್ ಆಗುವುದು ಈ ಮಾತು. ಅದರ ಮುಂದಿನ 57ನೆಯ ಕಂಡಿಕೆಯಲ್ಲಿ, ಜನರನ್ನು ಮೂರು ಬಗೆಯಾಗಿ ಬೇರ್ಪಡಿಸುವುದು ಪ್ರಕೃತಿ, ಮನುವಲ್ಲ ಎಂಬ ವಾಕ್ಯವಿದೆ. ಜಾತಿಗೆ ಜರ್ಮನ್ ಸರ್ಟಿಫಿಕೇಟ್ ಹುಡುಕುವವರು ಇದನ್ನು ಬಿಟ್ಟು ಉಲ್ಲೇಖಿಸುತ್ತಾರೆ, ಏಕೆಂದರೆ ಹುಟ್ಟಿನಿಂದ ಬರುವ ವರ್ಣಕ್ಕೆ ಈ ವಾಕ್ಯದಲ್ಲಿ ಆಸರೆ ಇಲ್ಲ. ನೀತ್ಶೆಯನ್ನು ತೊಳೆಯುವವರು ಅದೇ ಕಂಡಿಕೆಯ ಇನ್ನೊಂದು ವಾಕ್ಯವನ್ನು ಬಿಡುತ್ತಾರೆ: ಅಸಮಾನ ಹಕ್ಕುಗಳಲ್ಲಿ ಅನ್ಯಾಯವಿಲ್ಲ, ಅನ್ಯಾಯವಿರುವುದು ಸಮಾನ ಹಕ್ಕು ಕೇಳುವುದರಲ್ಲಿ ಎಂಬುದನ್ನು.

ಈ ಎರಡೂ ವಾಕ್ಯಗಳನ್ನು ಎದುರಿಗಿಟ್ಟುಕೊಂಡು ಓದಿದಂತೆ ಕಾಣುವವರು ಇದೇ ಮುಂಬಯಿಯಲ್ಲಿ ಬದುಕಿದ ಡಾ. ಅಂಬೇಡ್ಕರ್. ಮಾಟುಂಗದ ಮೈಸೂರು ಅಸೋಸಿಯೇಶನ್‌ನಿಂದ ದಾದರ್ ಹಿಂದೂ ಕಾಲೊನಿಯಲ್ಲಿರುವ ಅವರ ಮನೆ ರಾಜಗೃಹ ನಡೆದುಹೋಗುವಷ್ಟು ಹತ್ತಿರ. ಪಕ್ಕದಲ್ಲೇ ಪಾರ್ಸಿ ಕಾಲೊನಿ, ನೀತ್ಶೆ ತನ್ನ ನಾಯಕನಿಗೆ ಎರವಲು ಪಡೆದ ಜರತುಷ್ಟ್ರನ ಹೆಸರನ್ನು ದಿನವೂ ನೆನೆಯುವ ಜನರದು. ಅಂಬೇಡ್ಕರ್ ಅವರ ‘ಫಿಲಾಸಫಿ ಆಫ್ ಹಿಂದೂಯಿಸಂ’ ಅವರು ಬದುಕಿದ್ದಾಗ ಅಚ್ಚಾಗಲಿಲ್ಲ. ಮಹಾರಾಷ್ಟ್ರ ಸರ್ಕಾರ 1987ರಲ್ಲಿ ಹೊರತಂದ ಬರಹ ಮತ್ತು ಭಾಷಣಗಳ ಮೂರನೆಯ ಸಂಪುಟದಲ್ಲಿದೆ. ಅದರಲ್ಲಿ ಅವರು ನೀತ್ಶೆ ಮನುವನ್ನು ಹೊಗಳಿದ ಭಾಗವನ್ನು ಉಲ್ಲೇಖಿಸಿ, ನೀತ್ಶೆಯ ಜರತುಷ್ಟ್ರ ಎಂದರೆ ಮನುಸ್ಮೃತಿಯ ಹೊಸ ಆವೃತ್ತಿ ಎಂದು ಕಟುವಾಗಿ ಹೇಳುತ್ತಾರೆ. ಕಾಲಾನುಕ್ರಮ ಹಿಡಿದು ನೋಡಿದರೆ ಈ ಮಾತು ಹೊಂದುವುದಿಲ್ಲ. ‘ಜರತುಷ್ಟ್ರ’ದ ನಾಲ್ಕು ಭಾಗಗಳು 1883ರಿಂದ 1885ರೊಳಗೆ ಬಂದವು, ಜಕೋಲಿಯೊನ ಮನು ಸಿಕ್ಕಿದ್ದು ಮೂರು ವರ್ಷ ತಡವಾಗಿ.

ಆದರೆ ಅಂಬೇಡ್ಕರ್ ಅಲ್ಲಿಗೇ ನಿಲ್ಲಿಸುವುದಿಲ್ಲ. ಮುಂದಿನ ಹೆಜ್ಜೆಯಲ್ಲೇ ಇಬ್ಬರನ್ನೂ ಬಿಡಿಸುತ್ತಾರೆ. ನೀತ್ಶೆಯ ಅತಿಮಾನವ (ಸಾಮಾನ್ಯರನ್ನು ಮೀರಿದವನೆಂದು ಅವನು ಕಲ್ಪಿಸಿದ ಮನುಷ್ಯ) ಯೋಗ್ಯತೆಯಿಂದ ಅತಿಮಾನವ, ಮನುವಿನವನು ಹುಟ್ಟಿನಿಂದ. ನೀತ್ಶೆ ಸ್ವಾರ್ಥವಿಲ್ಲದ ನಿಜವಾದ ದಾರ್ಶನಿಕ, ಮನು ಒಂದು ವರ್ಗದ ಹಿತ ಕಾಯಲು ನಿಂತವನು. ಆದ್ದರಿಂದ ಮನುವಿನದು ನೀತ್ಶೆಯದಕ್ಕಿಂತ ಕೀಳಾದ, ಹೆಚ್ಚು ಅಸಹ್ಯವಾದ ಅತಿಮಾನವ ತತ್ವ ಎಂಬುದು ಅವರ ತೀರ್ಪು. ಕೊಲ್ಲಿ-ಮೊಂತಿನಾರಿ ಆವೃತ್ತಿ ಇಲ್ಲದ ಕಾಲದಲ್ಲಿ, ನಾಜಿಗಳ ಜೊತೆ ನೀತ್ಶೆಯ ಹೆಸರು ಬೆಸೆದುಹೋಗಿದ್ದ ಕಾಲದಲ್ಲಿ ಬಂದ ತೀರ್ಪು ಇದು. ವಿರೋಧಿಯಾಗಿ ಓದಿಯೂ ಇಷ್ಟು ನ್ಯಾಯವಾಗಿ ಓದಬಹುದು ಎಂಬುದಕ್ಕೆ ನನಗೆ ಗೊತ್ತಿರುವ ಅತ್ಯುತ್ತಮ ಉದಾಹರಣೆ.

ಗೋವಾ ಹೆದ್ದಾರಿ ಹಿಡಿದು ಊರಿಗೆ ಹೋಗುವವರು ರಾಯಗಡ ಜಿಲ್ಲೆಯ ಮಹಾಡ್ ದಾಟುತ್ತಾರೆ. 1927ರ ಮಾರ್ಚ್ 20ರಂದು ಅಲ್ಲಿನ ಚವದಾರ್ ಕೆರೆಯ ನೀರನ್ನು ಅಂಬೇಡ್ಕರ್ ಮತ್ತು ಸಾವಿರಾರು ಜನ ಬೊಗಸೆಯಲ್ಲಿ ಎತ್ತಿ ಕುಡಿದರು. ಡಿಸೆಂಬರ್ 25ರಂದು ಅದೇ ಊರಿನಲ್ಲಿ ಮನುಸ್ಮೃತಿಯನ್ನು ಸುಟ್ಟರು. ಹೆಜ್ಜೆಗುಳಿಯ ನೀರಿನ ಮಾತು ಮನುವಿನ ಶ್ಲೋಕದಲ್ಲಿಲ್ಲ ಎಂದು ಮೇಲೆ ಹೇಳಿದೆ, ಪಾಠದ ಮಟ್ಟಿಗೆ ಅದು ನಿಜ. ಕೆರೆಯ ನೀರು ಮುಟ್ಟಬಾರದು ಎಂಬ ಕಟ್ಟು ಮಾತ್ರ ಮಹಾಡಿನಲ್ಲಿ ಇತ್ತು, ಪುರಸಭೆ ಕೆರೆಯನ್ನು ಎಲ್ಲರಿಗೂ ತೆರೆದಿದೆ ಎಂದು ಠರಾವು ಮಾಡಿದ ಮೇಲೂ ಇತ್ತು.

ಅಂಬೇಡ್ಕರ್ ಬರಹಗಳ ಮೂರನೆಯ ಸಂಪುಟವನ್ನು ಅವರ ಪರಿನಿರ್ವಾಣ ದಿನವಾದ ಡಿಸೆಂಬರ್ 6ರ ಸುಮಾರಿಗೆ ಶಿವಾಜಿ ಪಾರ್ಕಿನ ಪುಸ್ತಕದ ಅಂಗಡಿಗಳಲ್ಲಿ ಹುಡುಕಿ ನೋಡಬಹುದು, ಕನ್ನಡದಲ್ಲೂ ಈ ಸಂಪುಟಮಾಲೆ ಬಂದಿದೆ. ಓದುವಾಗ ‘ದಿ ಆಂಟಿಕ್ರೈಸ್ಟ್’ 56 ಮತ್ತು 57ನ್ನು ಜೊತೆಗಿಟ್ಟುಕೊಳ್ಳಿ. ಎರಡೂ ಸೇರಿ ನಾಲ್ಕೈದು ಪುಟ, ದಾದರಿನಿಂದ ಡೊಂಬಿವಲಿ ತಲುಪುವಷ್ಟರಲ್ಲಿ ಎರಡು ಸಲ ಓದಿ ಮುಗಿಸಬಹುದು.